ಸೊಂಟ ನೋವು, ನಿಲುವು ಮತ್ತು ಭಾರದ ವ್ಯಾಯಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವ ನನ್ನ ಬಳಿಗೆ ಸೊಂಟ ಹಿಡಿದುಕೊಂಡು ಬರುವವರಲ್ಲಿ ಬಗೆಬಗೆಯವರಿದ್ದಾರೆ. ಹೊರ ವರ್ತುಲ ರಸ್ತೆಯ ಕಚೇರಿಗಳಲ್ಲಿ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರು, ಗುಂಡಿ ಬಿದ್ದ ರಸ್ತೆಗಳಲ್ಲಿ ಸ್ಕೂಟರ್ ಓಡಿಸಿ ಊಟ ತಲುಪಿಸುವವರು, ನೀರಿನ ಕ್ಯಾನು ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡ ಗೃಹಿಣಿಯರು, ನಿವೃತ್ತರು ಎಲ್ಲರೂ ಬರುತ್ತಾರೆ. ಅವರ ಕೆಲಸಗಳು ಬೇರೆಯಾದರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಾಗಿ ಬರೆದಿದ್ದೇನೆ.

ಸೊಂಟ ನೋಯುತ್ತಿರುವಾಗ ಭಾರ ಎತ್ತಿದರೆ ನೋವು ಹೆಚ್ಚಾಗುವುದಿಲ್ಲವೇ?

ಅಳತೆ ತಪ್ಪಿದರೆ ಹೆಚ್ಚಾಗುತ್ತದೆ, ಅಳತೆಯಲ್ಲಿದ್ದರೆ ಸಾಮಾನ್ಯವಾಗಿ ಕಾಲಕ್ರಮೇಣ ಕಡಿಮೆಯಾಗುತ್ತದೆ. ಸ್ನಾಯು, ಮೂಳೆ, ಸ್ನಾಯುರಜ್ಜು ಇವೆಲ್ಲವೂ ತಮ್ಮ ಮೇಲೆ ಬೀಳುವ ಹೊರೆಗೆ ತಕ್ಕಂತೆ ಗಟ್ಟಿಯಾಗುವ ಜೀವಂತ ಅಂಗಾಂಶಗಳು. ಹೊರೆಯನ್ನು ಪೂರ್ತಿಯಾಗಿ ತೆಗೆದುಬಿಟ್ಟರೆ ಅವು ಸೊರಗುತ್ತವೆ, ಆಮೇಲೆ ಮಗುವನ್ನು ಎತ್ತಿಕೊಳ್ಳುವಂಥ ಸಣ್ಣ ಕೆಲಸವೂ ಅವುಗಳ ಪಾಲಿಗೆ ಅತಿಭಾರವಾಗುತ್ತದೆ. ಹಿಂದೆ ಸೊಂಟ ನೋವಿಗೆ ವಾರಗಟ್ಟಲೆ ಮಲಗಿಸುವುದೇ ಚಿಕಿತ್ಸೆಯಾಗಿತ್ತು. 1986ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, 2 ದಿನ ಮಲಗಿರಲು ಹೇಳಿಸಿಕೊಂಡವರು 7 ದಿನ ಮಲಗಿರಲು ಹೇಳಿಸಿಕೊಂಡವರಷ್ಟೇ ಚೆನ್ನಾಗಿ ಚೇತರಿಸಿಕೊಂಡರಲ್ಲದೆ ಕೆಲಸಕ್ಕೆ ಕಡಿಮೆ ದಿನ ಗೈರಾದರು.

12 ವಾರಗಳಿಗಿಂತ ಹೆಚ್ಚು ಕಾಲ ಉಳಿದ ನೋವನ್ನು ದೀರ್ಘಕಾಲಿಕ ನೋವು ಎನ್ನುತ್ತಾರೆ. ಅಂಥ ನೋವಿಗೆ ವ್ಯಾಯಾಮ ಎಷ್ಟು ಉಪಯುಕ್ತ ಎಂದು 249 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ ವಿಮರ್ಶೆ 2021ರಲ್ಲಿ ಬಂದಿದ್ದು, ಏನೂ ಮಾಡದಿರುವುದಕ್ಕಿಂತ ವ್ಯಾಯಾಮ ಮಾಡುವುದು ಮೇಲು ಎಂಬ ನಿರ್ಣಯಕ್ಕೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಕ್ರಮಬದ್ಧ ವ್ಯಾಯಾಮವನ್ನು ಶಿಫಾರಸು ಮಾಡುತ್ತದೆ. ಆದರೆ ಭಾರದ ವ್ಯಾಯಾಮವೊಂದೇ ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಅದನ್ನು ಮುಂದಿಡುವುದು ಒಂದೇ ಕಾರಣಕ್ಕೆ: ಅದನ್ನು ಕಿಲೋಗ್ರಾಂ ಲೆಕ್ಕದಲ್ಲಿ ಅಳೆಯಬಹುದು. ಕಳೆದ ತಿಂಗಳು 5 ಕಿಲೋ ಎತ್ತಲು ಹೆದರುತ್ತಿದ್ದವರು ಈ ತಿಂಗಳು 12 ಕಿಲೋ ಎತ್ತಿದಾಗ, ತಮ್ಮ ಸೊಂಟ ಗಾಜಿನದಲ್ಲ ಎಂಬುದಕ್ಕೆ ಅವರಿಗೆ ಬೇರೆ ಪುರಾವೆ ಬೇಕಾಗುವುದಿಲ್ಲ.

ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಲೇಬೇಕಾದವರು ಯಾರು?

ಸೊಂಟ ನೋವಿನ ಬಹುಪಾಲು ಪ್ರಕರಣಗಳಲ್ಲಿ, ಸುಮಾರು ನೂರರಲ್ಲಿ ತೊಂಬತ್ತರಲ್ಲಿ, ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸುವ ರೋಗ ಸಿಗುವುದಿಲ್ಲ. ಉಳಿದವರನ್ನು ಗುರುತಿಸುವುದು ಮುಖ್ಯ. ಮೂತ್ರ ಕಟ್ಟಿಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ, ಕುಳಿತಾಗ ಆಸನಕ್ಕೆ ತಾಗುವ ಭಾಗ ಅಥವಾ ಗುಪ್ತಾಂಗದ ಸುತ್ತ ಜೋಮು ಹಿಡಿದರೆ, ಪಾದ ಮೇಲೆತ್ತಲಾಗದಷ್ಟು ಕಾಲಿನ ಬಲ ಕುಂದುತ್ತಿದ್ದರೆ ಅಂದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ನಾಳೆಗೆ ಬಿಡಬಾರದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಬಿದ್ದು ಪೆಟ್ಟಾಗಿರುವುದು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡಿರುವುದು, ರಾತ್ರಿ ಮಲಗಿದರೂ ಬಿಡದ ನೋವು ಇವುಗಳಲ್ಲಿ ಯಾವುದಿದ್ದರೂ ಮೊದಲು ತಪಾಸಣೆ ಆಗಲಿ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಕಾಣಸಿಗುವ ರೋಗ ಎಂಬುದನ್ನು ಮರೆಯಬಾರದು. ಸಂಜೆಯ ಜ್ವರ ಮತ್ತು ಬೆನ್ನು ನೋವು ಜೊತೆಯಾಗಿದ್ದವರು ಜಿಮ್‌ಗೆ ಸೇರುವ ಆತುರ ಮಾಡದಿರುವುದು ಒಳ್ಳೆಯದು.

ಎಂಆರ್‌ಐ ವರದಿಯಲ್ಲಿ ಡಿಸ್ಕ್ ಉಬ್ಬಿದೆ ಎಂದು ಬರೆದಿದ್ದಾರೆ. ಇನ್ನು ಭಾರ ಮುಟ್ಟುವಂತಿಲ್ಲವೇ?

ಮುಟ್ಟಬಹುದು. ನೋವೇ ಇಲ್ಲದವರ ಚಿತ್ರಗಳನ್ನು ತೆಗೆದು ನೋಡಿದ ಅಧ್ಯಯನಗಳನ್ನೆಲ್ಲ ಸೇರಿಸಿ 2015ರಲ್ಲಿ ಒಂದು ವಿಮರ್ಶೆ ಪ್ರಕಟವಾಯಿತು. ಅದರ ಪ್ರಕಾರ 20ರ ಹರೆಯದಲ್ಲೇ ನೂರಕ್ಕೆ 30 ಮಂದಿಯಲ್ಲಿ ಡಿಸ್ಕ್ (ಬೆನ್ನುಮೂಳೆಯ ಬಿಲ್ಲೆಗಳ ನಡುವಿನ ಮೆತ್ತೆ) ಉಬ್ಬಿರುವುದು ಕಾಣಿಸುತ್ತದೆ, 80ರ ವಯಸ್ಸಿಗೆ ಅದು 84ಕ್ಕೇರುತ್ತದೆ. ಇವರೆಲ್ಲ ಸೊಂಟ ನೋವಿಲ್ಲದೆ ಓಡಾಡುತ್ತಿದ್ದವರು. ಆದ್ದರಿಂದ ವರದಿಯ ಸಾಲನ್ನು ನಿಮ್ಮ ಲಕ್ಷಣಗಳ ಜೊತೆಗಿಟ್ಟು ವೈದ್ಯರು ಓದಬೇಕೇ ಹೊರತು ಅದೊಂದನ್ನೇ ತೀರ್ಪೆಂದು ತಿಳಿಯಬಾರದು. 'ಡಿಸ್ಕ್ ಜಾರಿದೆ' ಎಂಬ ಮಾತೂ ದಾರಿ ತಪ್ಪಿಸುವಂಥದ್ದು. ಡಿಸ್ಕ್ ತನ್ನ ಮೇಲಿನ ಮತ್ತು ಕೆಳಗಿನ ಬಿಲ್ಲೆಗಳಿಗೆ (ಕಶೇರುಕಗಳಿಗೆ) ಬಿಗಿಯಾಗಿ ಅಂಟಿಕೊಂಡಿರುತ್ತದೆ, ಸಾಬೂನಿನಂತೆ ಜಾರಿ ಹೋಗುವುದಿಲ್ಲ. ಅದರ ಒಳತಿರುಳು ಹೊರಚಾಚಿದ್ದರೂ ಎಷ್ಟೋ ಜನರಲ್ಲಿ ಕೆಲವು ತಿಂಗಳುಗಳಲ್ಲಿ ಆ ಭಾಗ ತಾನಾಗಿ ಕುಗ್ಗುತ್ತದೆ. ಕಾಲಿಗೆ ಇಳಿಯುವ ಸಯಾಟಿಕಾ ನೋವು ತೀವ್ರವಾಗಿರುವ ದಿನಗಳಲ್ಲಿ ಮಾತ್ರ ಭಾರವನ್ನು ಬದಿಗಿಟ್ಟು ನಡಿಗೆ ಮತ್ತು ಹಗುರ ಚಲನೆಗಳಿಗೆ ಸೀಮಿತರಾಗಿರಿ.

ಬಗ್ಗಿ ಭಾರ ಎತ್ತುವ ಸರಿಯಾದ ವಿಧಾನ ಯಾವುದು?

ಇಲ್ಲಿ ನಮ್ಮ ಭಾಷೆಯೇ ಒಂದು ತೊಡಕು ತಂದಿಡುತ್ತದೆ. ಕನ್ನಡದಲ್ಲಿ 'ಸೊಂಟ' ಎಂದರೆ ನಡುವೂ ಹೌದು, ಕೆಳಬೆನ್ನೂ ಹೌದು, ತೊಡೆಮೂಳೆ ಬಂದು ಕೂಡುವ ದೊಡ್ಡ ಕೀಲೂ ಹೌದು. ಜಿಮ್ಮಿನ ತರಬೇತುದಾರರು 'ಸೊಂಟದಿಂದ ಬಾಗಿ' ಎಂದಾಗ ಅವರ ಮನಸ್ಸಿನಲ್ಲಿರುವುದು ಆ ಕೀಲು, ಕೇಳಿದವರು ಬಗ್ಗಿಸುವುದು ಕೆಳಬೆನ್ನು. ಹಾಗಾಗಿ ನಾನು ಆ ಪದವನ್ನೇ ಬಿಟ್ಟು 'ತೊಡೆಸಂದಿನಲ್ಲಿ ಮಡಚಿಕೊಳ್ಳಿ' ಎನ್ನುತ್ತೇನೆ. ಎರಡೂ ಅಂಗೈಗಳ ಅಂಚನ್ನು ತೊಡೆಸಂದಿಗೆ ಒತ್ತಿ ಹಿಡಿದು, ಆ ಕೈಗಳು ತೊಡೆ ಮತ್ತು ಹೊಟ್ಟೆಯ ನಡುವೆ ಸಿಕ್ಕಿಕೊಳ್ಳುವಂತೆ ಪೃಷ್ಠವನ್ನು ಹಿಂದಕ್ಕೆ ತಳ್ಳಿದರೆ, ವಿವರಣೆಯಿಲ್ಲದೆಯೇ ದೇಹಕ್ಕೆ ವಿಷಯ ಅರ್ಥವಾಗುತ್ತದೆ.

ಮನೆಯಲ್ಲಿ ಅಭ್ಯಾಸ ಮಾಡಲು ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ಮುಂದೆ ನಿಂತುಕೊಳ್ಳಿ. ಪಾದಗಳು ಸೊಂಟದಗಲ ದೂರವಿರಲಿ, ಮಂಡಿಗಳು ಬೀಗ ಹಾಕಿದಂತೆ ನೆಟ್ಟಗಿರದೆ ಸ್ವಲ್ಪ ಸಡಿಲವಾಗಿರಲಿ. ಮಂಡಿಯನ್ನು ಮುಂದೆ ತಳ್ಳದೆ, ಪೃಷ್ಠ ಗೋಡೆಗೆ ತಾಗುವವರೆಗೆ ಹಿಂದಕ್ಕೆ ಹೋಗಿ. ಮೈ ತಾನಾಗಿ ಮುಂದಕ್ಕೆ ವಾಲುತ್ತದೆ. ತೊಡೆಯ ಹಿಂಭಾಗ ಎಳೆದಂತಾದರೆ ದಾರಿ ಸರಿಯಾಗಿದೆ ಎಂದರ್ಥ, ಕೆಳಬೆನ್ನು ಎಳೆದಂತಾದರೆ ಬೆನ್ನು ಬಗ್ಗುತ್ತಿದೆ ಎಂದರ್ಥ. ಅನುಮಾನವಿದ್ದರೆ ಪೊರಕೆಯ ಕೋಲನ್ನು ಬೆನ್ನಿನುದ್ದಕ್ಕೆ ಹಿಡಿದುಕೊಳ್ಳಿ: ತಲೆಯ ಹಿಂಭಾಗ, ಎರಡು ಹೆಗಲ ಮೂಳೆಗಳ ನಡುವಿನ ಜಾಗ, ಬಾಲಮೂಳೆಯ ಮೇಲ್ಭಾಗ ಈ ಮೂರೂ ಕಡೆ ಕೋಲು ತಾಗಿಕೊಂಡೇ ಇರಬೇಕು. ಎದ್ದು ನಿಲ್ಲುವಾಗ ನೆಲವನ್ನು ಪಾದದಿಂದ ಒತ್ತಿ, ಪೃಷ್ಠವನ್ನು ಬಿಗಿಗೊಳಿಸಿ ನೆಟ್ಟಗಾಗಿ. ಕೊನೆಯಲ್ಲಿ ಎದೆಯುಬ್ಬಿಸಿ ಹಿಂದಕ್ಕೆ ವಾಲುವ ಚಟ ಬೇಡ. ಈ ಚಲನೆ ಕೈವಶವಾದ ಮೇಲೆ ಕೈಯಲ್ಲಿ ಡಂಬೆಲ್ ಹಿಡಿದರೆ ಅದೇ ರೊಮೇನಿಯನ್ ಡೆಡ್‌ಲಿಫ್ಟ್.

ಭಾರ ಮೈಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು, ಏಕೆಂದರೆ ಬೆನ್ನಿನಿಂದ ಭಾರಕ್ಕಿರುವ ದೂರ ಎರಡರಷ್ಟಾದರೆ ಅದು ಉಂಟುಮಾಡುವ ತಿರುಗುಬಲವೂ ಎರಡರಷ್ಟಾಗುತ್ತದೆ, ಅದನ್ನು ಎದುರಿಸಲು ಬೆನ್ನಿನ ಸ್ನಾಯುಗಳು ಅಷ್ಟೇ ಹೆಚ್ಚು ಎಳೆಯಬೇಕಾಗುತ್ತದೆ. ಅಡುಗೆ ಅನಿಲದ ಸಿಲಿಂಡರ್ ಉದಾಹರಣೆಗೆ ಹೇಳಬಹುದು. ಒಳಗಿನ ಅನಿಲ 14.2 ಕಿಲೋ, ಉಕ್ಕಿನ ಕವಚ ಹೆಚ್ಚುಕಡಿಮೆ ಅಷ್ಟೇ, ಒಟ್ಟು 30 ಕಿಲೋ ಸಮೀಪ. ಅಡುಗೆಮನೆಯ ಕಟ್ಟೆಯ ಕೆಳಗಿನ ಇಕ್ಕಟ್ಟಿನಿಂದ ಅದನ್ನು ಕೈ ಚಾಚಿ, ಮೈ ತಿರುಚಿ ಎಳೆಯುವುದು ಯಾವ ಜಿಮ್ಮಿನಲ್ಲೂ ಯಾರೂ ಹೊಸಬರಿಗೆ ಹೇಳಿಕೊಡದ ವ್ಯಾಯಾಮ! ಅದನ್ನು ಓರೆ ಮಾಡಿ ತಳದ ಅಂಚಿನ ಮೇಲೆ ಉರುಳಿಸಿ ಹೊರಗೆ ತನ್ನಿ, ಆಮೇಲೆ ಎತ್ತುವ ವಿಚಾರ ಮಾಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಬೆನ್ನು ಬಗ್ಗುವುದೇ ಪಾಪ ಎಂದು ತಿಳಿದು, ಬಿದ್ದ ಪೆನ್ನನ್ನು ಎತ್ತಲೂ ಮರದ ಬೊಂಬೆಯಂತೆ ಸೆಟೆದುಕೊಳ್ಳುವವರನ್ನು ನಾನು ನೋಡಿದ್ದೇನೆ. ಬಗ್ಗಲೆಂದೇ ಬೆನ್ನುಮೂಳೆಗೆ ಅಷ್ಟೊಂದು ಕೀಲುಗಳಿವೆ. ನೆಟ್ಟಗಿನ ಬೆನ್ನಿನ ನಿಯಮ ಅನ್ವಯಿಸುವುದು ಭಾರ ಹೆಚ್ಚಾಗಿರುವಾಗ ಮತ್ತು ನೀವು ಹೊಸದಾಗಿ ಕಲಿಯುತ್ತಿರುವಾಗ.

ಎತ್ತುವಾಗ ಉಸಿರಾಟ ಹೇಗಿರಬೇಕು?

ಭಾರ ಎತ್ತುವ ಮುನ್ನ ಉಸಿರನ್ನು ಹೊಟ್ಟೆ ಮತ್ತು ಪಕ್ಕೆಗಳಿಗೆ ತುಂಬಿಕೊಳ್ಳಿ, ಯಾರೋ ಹೊಟ್ಟೆಗೆ ಗುದ್ದಲು ಬಂದಾಗ ಬಿಗಿಯುವಂತೆ ಸುತ್ತಲೂ ಬಿಗಿಗೊಳಿಸಿ, ಎತ್ತುತ್ತಾ ನಿಧಾನವಾಗಿ ಉಸಿರು ಬಿಡಿ. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಬೇಕೆಂಬ ಸಲಹೆ ಹಳೆಯದು. ಎತ್ತುವಾಗ ಅದರಿಂದ ಬಿಗಿ ಹೆಚ್ಚುವುದಿಲ್ಲ. ಉಸಿರು ಪೂರ್ತಿ ಕಟ್ಟಿ ಎತ್ತಿದರೆ ರಕ್ತದೊತ್ತಡ ಕ್ಷಣಕಾಲ ಬಹಳ ಏರುತ್ತದೆ, ಹಾಗಾಗಿ ಬಿಪಿ, ಹೃದ್ರೋಗ, ಹರ್ನಿಯಾ ಇರುವವರು ಉಸಿರು ಕಟ್ಟಲೇಬಾರದು.

ಯಾವ ವ್ಯಾಯಾಮಗಳಿಂದ ಆರಂಭಿಸಬೇಕು?

ಮೊದಲ ಎರಡು ಮೂರು ವಾರ ಕೈಯಲ್ಲಿ ಭಾರವೇ ಬೇಡ, ನಿಮ್ಮ ಮೈಭಾರ ಸಾಕು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನಿನ ಯಂತ್ರಶಾಸ್ತ್ರವನ್ನು ದಶಕಗಳ ಕಾಲ ಅಭ್ಯಸಿಸಿದ ಸ್ಟುವರ್ಟ್ ಮೆಕ್‌ಗಿಲ್ ಮೂರು ವ್ಯಾಯಾಮಗಳನ್ನು ಆರಿಸಿಕೊಟ್ಟಿದ್ದಾರೆ. ಮೊದಲನೆಯದು ಕರ್ಲ್‌ ಅಪ್: ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಅಂಗೈಗಳನ್ನು ಕೆಳಬೆನ್ನಿನ ಅಡಿಗಿಟ್ಟು, ತಲೆ ಮತ್ತು ಹೆಗಲನ್ನು ನೆಲದಿಂದ ಸ್ವಲ್ಪವೇ ಎತ್ತಿ ಹಿಡಿಯುವುದು. ಪೂರ್ತಿ ಎದ್ದು ಕೂರುವ ಸಿಟ್‌ ಅಪ್ ಇದಲ್ಲ. ಎರಡನೆಯದು ಪಕ್ಕಕ್ಕೆ ಮಲಗಿ ಮೊಣಕೈ ಊರಿ ಮೈಯನ್ನು ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್. ಕಷ್ಟವಾದರೆ ಪಾದದ ಬದಲು ಮಂಡಿ ಊರಬಹುದು. ಮೂರನೆಯದು ಬರ್ಡ್ ಡಾಗ್: ಅಂಗೈ ಮತ್ತು ಮಂಡಿಗಳನ್ನು ಊರಿ, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ, ಆಮೇಲೆ ಬದಲಿಸುವುದು. ಬೆನ್ನಿನ ಮೇಲೆ ಕಾಫಿ ಲೋಟವಿಟ್ಟಿದ್ದರೂ ಚೆಲ್ಲಬಾರದು, ಅಷ್ಟು ಸ್ಥಿರತೆ ಬೇಕು. ಪ್ರತಿಯೊಂದನ್ನೂ 10 ಸೆಕೆಂಡ್ ಹಿಡಿದು ಬಿಡಿ. ಕಾಲ ಹೆಚ್ಚಿಸುವ ಬದಲು ಸಲಗಳನ್ನು ಹೆಚ್ಚಿಸಿ.

ಇವು ನೆಲೆಗೊಂಡ ಮೇಲೆ ಅಂಗಾತ ಮಲಗಿ ಪೃಷ್ಠ ಎತ್ತುವ ಬ್ರಿಡ್ಜ್, ಕುರ್ಚಿಯ ಮೇಲೆ ಕೂತು ಏಳುವ ಸ್ಕ್ವಾಟ್, ಮೇಲೆ ವಿವರಿಸಿದ ಡೆಡ್‌ಲಿಫ್ಟ್ ಮತ್ತು ರೆಸಿಸ್ಟೆನ್ಸ್ ಬ್ಯಾಂಡನ್ನು (ಎಳೆದರೆ ಹಿಗ್ಗುವ ರಬ್ಬರ್ ಪಟ್ಟಿ) ಕಿಟಕಿಯ ಸರಳಿಗೆ ಸಿಕ್ಕಿಸಿ ಎಳೆಯುವ ರೋಯಿಂಗ್ ಸೇರಿಸಿಕೊಳ್ಳಿ. ನನಗೆ ಎಲ್ಲಕ್ಕಿಂತ ಪ್ರಿಯವಾದ ವ್ಯಾಯಾಮಕ್ಕೆ ಯಂತ್ರವೇ ಬೇಡ: ಒಂದೇ ಕೈಯಲ್ಲಿ ಭಾರದ ಚೀಲ ಹಿಡಿದು, ಅತ್ತ ವಾಲದೆ ಇತ್ತ ವಾಲದೆ 30 ಹೆಜ್ಜೆ ನಡೆದು ಕೈ ಬದಲಿಸುವುದು. ಗಾಂಧಿ ಬಜಾರಿನಿಂದ ಅವರೆಕಾಯಿ ಹೊತ್ತು ತರುವಾಗ ಭಾರವನ್ನು ಎರಡೂ ಕೈಗೆ ಹಂಚಿಕೊಳ್ಳಿ ಎನ್ನುವುದು ಸರಿಯೇ, ಆದರೆ ವ್ಯಾಯಾಮದ ಹೊತ್ತಿನಲ್ಲಿ ಬೇಕೆಂದೇ ಒಂದು ಕಡೆ ಹೊರುತ್ತೇವೆ, ಏಕೆಂದರೆ ಮೈ ವಾಲದಂತೆ ತಡೆಯುವ ಪಕ್ಕೆಯ ಸ್ನಾಯುಗಳಿಗೆ ಆಗಲೇ ಕೆಲಸ ಬೀಳುವುದು.

ಎಷ್ಟು ಭಾರ, ಎಷ್ಟು ಸಲ, ವಾರಕ್ಕೆ ಎಷ್ಟು ದಿನ?

ವಾರಕ್ಕೆ 2 ಅಥವಾ 3 ದಿನ, ನಡುವೆ ಒಂದು ದಿನವಾದರೂ ಬಿಡುವು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಬೇಕು ಎನ್ನುತ್ತದೆ. ಒಂದು ಸೆಟ್‌ಗೆ, ಅಂದರೆ ನಡುವೆ ಬಿಡುವಿಲ್ಲದ ಒಂದು ಸುತ್ತಿಗೆ, 8ರಿಂದ 12 ಸಲ, ಅಂಥ 2 ಅಥವಾ 3 ಸೆಟ್. ಸೆಟ್ ಮುಗಿದಾಗ 'ಇನ್ನೂ ಎರಡು ಸಲ ಎತ್ತಬಹುದಿತ್ತು' ಎನಿಸುವಷ್ಟು ಭಾರ ಆರಿಸಿಕೊಳ್ಳಿ. 'ಇನ್ನೂ ಇಪ್ಪತ್ತು ಸಲ' ಎನಿಸಿದರೆ ಅದು ಬಲ ಬೆಳೆಸುವುದಿಲ್ಲ. ಸತತ ಎರಡು ದಿನ 12 ಸಲ ಸುಲಭವಾಗಿ ಬಂದರೆ ಭಾರವನ್ನು ನೂರಕ್ಕೆ 5ರಷ್ಟು, ಹೆಚ್ಚೆಂದರೆ 10ರಷ್ಟು ಏರಿಸಿ. ಹೀಗೆ ಮೆಟ್ಟಿಲುಮೆಟ್ಟಿಲಾಗಿ ಏರಿಸುವ ಪದ್ಧತಿಯನ್ನು ವೈದ್ಯಕೀಯಕ್ಕೆ ತಂದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಈ ಕ್ರಮದಲ್ಲಿ ವ್ಯಾಯಾಮ ಮಾಡಿಸಿ 1945ರಲ್ಲಿ ಅದನ್ನು ಪ್ರಕಟಿಸಿದರು. ಡಂಬೆಲ್ ಇಲ್ಲದವರು ಚೀಲದಲ್ಲಿ ಒಂದು ಲೀಟರಿನ ನೀರಿನ ಬಾಟಲಿಗಳನ್ನು ತುಂಬಿಕೊಂಡರೆ ಒಂದೊಂದೇ ಕಿಲೋ ಏರಿಸಬಹುದು.

ಮಾಡುವಾಗ ನೋವಾದರೆ ನಿಲ್ಲಿಸಬೇಕೇ?

ನೋವನ್ನು 0ಯಿಂದ 10ರ ಅಳತೆಯಲ್ಲಿ ಗುರುತಿಸಿಕೊಳ್ಳಿ. 3ರವರೆಗಿನ ನೋವು, ಅದೂ ಮರುದಿನದೊಳಗೆ ಮೊದಲಿನ ಮಟ್ಟಕ್ಕೆ ಇಳಿಯುವುದಾದರೆ, ಮುಂದುವರಿಸಲು ಅಡ್ಡಿಯಿಲ್ಲ. ಮರುದಿನವೂ ಹೆಚ್ಚೇ ಉಳಿದರೆ ಭಾರ ಇಳಿಸಿ, ಇಲ್ಲವೇ ಬಗ್ಗುವ ಆಳ ಕಡಿಮೆ ಮಾಡಿ. ನೋವು ಇರುವ ಜಾಗವನ್ನೂ ಗಮನಿಸಬೇಕು: ಕಾಲಿನಲ್ಲಿದ್ದ ನೋವು ಮೇಲಕ್ಕೆ ಸರಿದು ಸೊಂಟದಲ್ಲಿ ನಿಂತರೆ ಅದು ಸಾಮಾನ್ಯವಾಗಿ ಒಳ್ಳೆಯ ಸೂಚನೆ, ಸೊಂಟದಲ್ಲಿದ್ದದ್ದು ಮಂಡಿ ದಾಟಿ ಕೆಳಗಿಳಿಯುತ್ತಾ ಹೋದರೆ ಆ ವ್ಯಾಯಾಮ ನಿಲ್ಲಿಸಿ ಫಿಸಿಯೋ ಬಳಿ ತೋರಿಸಿ.

ಬೆಳಿಗ್ಗೆ 6 ಗಂಟೆಗೇ ಮಾಡಬಹುದೇ?

ಎದ್ದ ತಕ್ಷಣ ಬೇಡ. ರಾತ್ರಿಯೆಲ್ಲ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಸಂಜೆಗಿಂತ ಬೆಳಿಗ್ಗೆ ನಾವು ಒಂದೂವರೆ ಸೆಂಟಿಮೀಟರಿನಷ್ಟು ಎತ್ತರವಿರುವುದು ಇದರಿಂದಲೇ. ಉಬ್ಬಿದ ಡಿಸ್ಕ್ ಬಗ್ಗುವಿಕೆಯನ್ನು ಅಷ್ಟಾಗಿ ಸಹಿಸುವುದಿಲ್ಲ. ಬೆಳಗಿನ ಹೊತ್ತು ಬಗ್ಗುವುದನ್ನು ತಪ್ಪಿಸಿದವರಲ್ಲಿ ನೋವು ಕಡಿಮೆಯಾದದ್ದನ್ನು 1998ರ ಒಂದು ಅಧ್ಯಯನ ತೋರಿಸಿದೆ. ಎದ್ದು ಒಂದು ಗಂಟೆ ಓಡಾಡಿದ ಮೇಲೆ ಭಾರ ಮುಟ್ಟಿ. ಬಾಗಿಲಿಗೆ ರಂಗೋಲಿ ಹಾಕುವವರು ನೋವಿನ ದಿನಗಳಲ್ಲಿ ನಿಂತು ಬಗ್ಗುವ ಬದಲು ಮಣೆಯ ಮೇಲೆ ಕುಳಿತು ಹಾಕಬಹುದು.

ಸೊಂಟದ ಬೆಲ್ಟ್ ಧರಿಸಬೇಕೇ?

ದೀರ್ಘಕಾಲಿಕ ನೋವಿಗೆ ದಿನನಿತ್ಯದ ಚಿಕಿತ್ಸೆಯಾಗಿ ಬೆಲ್ಟನ್ನು ಮೇಲೆ ಹೇಳಿದ 2023ರ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಮುರಿತ ಅಥವಾ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಕೊಟ್ಟಿದ್ದರೆ ಆ ಮಾತು ಬೇರೆ.

ಗೂನು ಬೆನ್ನು, ಮುಂದೆ ಬಾಗಿದ ಕತ್ತು ಇವುಗಳಿಂದಲೇ ನನಗೆ ನೋವು ಬಂದಿದೆಯೇ? ವ್ಯಾಯಾಮದಿಂದ ನಿಲುವು ಸರಿಹೋಗುತ್ತದೆಯೇ?

'ನೆಟ್ಟಗೆ ಕೂತ್ಕೋ' ಎಂದು ಅಪ್ಪ ಅಮ್ಮಂದಿರಿಂದ ಬೈಸಿಕೊಂಡು ಬೆಳೆದ ನಮಗೆ ಇದು ಒಪ್ಪಲು ಕಷ್ಟದ ಮಾತು: ಇಂಥ ನಿಲುವಿನಿಂದ ಇಂಥ ನೋವು ಬರುತ್ತದೆ ಎಂಬುದಕ್ಕೆ ಇರುವ ಆಧಾರ ದುರ್ಬಲ. ಗೂನಿದ್ದೂ ನೋವಿಲ್ಲದವರು ಬೇಕಾದಷ್ಟಿದ್ದಾರೆ, ದಂಡದಂತೆ ನೆಟ್ಟಗಿದ್ದೂ ನರಳುವವರಿದ್ದಾರೆ. ತೊಂದರೆ ಬರುವುದು ಯಾವುದೇ ಒಂದು ಭಂಗಿಯಲ್ಲಿ ಅಲುಗಾಡದೆ ಬಹಳ ಹೊತ್ತು ಉಳಿದಾಗ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾರಿನೊಳಗೆ ಮುಕ್ಕಾಲು ಗಂಟೆ ಸಿಕ್ಕಿಕೊಂಡವರ ಸೊಂಟಕ್ಕೆ, ಅವರು ಎಷ್ಟು ಚೆನ್ನಾಗಿ ಕುಳಿತಿದ್ದರು ಎಂಬುದು ದೊಡ್ಡ ವಿಷಯವಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದು ದುಬಾರಿ ಕುರ್ಚಿ ಕೊಳ್ಳುವುದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಹಾಗಿದ್ದರೂ ನಿಲುವಿಗೆ ವ್ಯಾಯಾಮ ಬೇಕೆನ್ನುವುದಕ್ಕೆ ಕಾರಣವಿದೆ. ನೆಟ್ಟಗೆ ನಿಲ್ಲಬೇಕೆಂದು ಮನಸ್ಸು ಮಾಡಿದರೂ ಎರಡೇ ನಿಮಿಷಕ್ಕೆ ಹೆಗಲು ಇಳಿಬೀಳುವುದು ಇಚ್ಛಾಶಕ್ತಿಯ ಕೊರತೆಯಿಂದಲ್ಲ, ಮೇಲ್ಬೆನ್ನಿನ ಸ್ನಾಯುಗಳಿಗೆ ಅಷ್ಟು ಹೊತ್ತು ಹಿಡಿದಿಡುವ ತ್ರಾಣವಿಲ್ಲದಿರುವುದರಿಂದ. ಬ್ಯಾಂಡ್ ಎಳೆಯುವಾಗ ಮೊಣಕೈಯನ್ನು ಹಿಂದಕ್ಕೆ ತಂದು, ಹೆಗಲ ಮೂಳೆಗಳ ನಡುವೆ ಒಂದು ನಿಂಬೆಹಣ್ಣು ಹಿಂಡುವಂತೆ ಎರಡು ಸೆಕೆಂಡ್ ಒತ್ತಿ, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. ಹೆಗಲು ಕಿವಿಯ ಕಡೆಗೆ ಏರಬಾರದು, ಗಲ್ಲ ಮುಂದೆ ಚಾಚಬಾರದು, ಕೆಳಬೆನ್ನು ಕಮಾನಾಗಬಾರದು. ಜನ ಎದೆ ಮತ್ತು ತೋಳಿನ ವ್ಯಾಯಾಮಗಳನ್ನೇ ಹೆಚ್ಚು ಮಾಡುತ್ತಾರೆ, ಕನ್ನಡಿಯಲ್ಲಿ ಕಾಣುವುದು ಅದೇ ಅಲ್ಲವೇ. ಒಂದು ಸಲ ಮುಂದಕ್ಕೆ ತಳ್ಳಿದರೆ ಎರಡು ಸಲ ಹಿಂದಕ್ಕೆ ಎಳೆಯಿರಿ ಎಂದು ನಾನು ಹೇಳುತ್ತೇನೆ.

ಯೋಗ, ಗರಡಿಯ ಸಾಮು, ಉದ್ಯಾನದ ಜಿಮ್ ಇವು ಸಾಲವೇ?

ಯೋಗ ಮಾಡುವವರು ಬಿಡಬೇಕಾಗಿಲ್ಲ, ಸೊಂಟ ನೋವಿಗೆ ಅದೂ ಉಪಕಾರಿ. ಭಾರದ ವ್ಯಾಯಾಮವೇನೂ ನಮ್ಮ ಊರಿಗೆ ಹೊಸದಲ್ಲ. ಕರಗದ ವೀರಕುಮಾರರ ನಂಟಿರುವ ಪೇಟೆಯ ಗರಡಿ ಮನೆಗಳಲ್ಲಿ ಗದೆ ತಿರುಗಿಸುವುದು, ಬಸ್ಕಿ ಹೊಡೆಯುವುದು ಮೊದಲಿನಿಂದ ಇತ್ತು, ಕಾದಂಬರಿಕಾರರೂ ಆಗಿದ್ದ ಕೆ. ವಿ. ಅಯ್ಯರ್ ಕಳೆದ ಶತಮಾನದಲ್ಲಿ ಇಲ್ಲೇ ವ್ಯಾಯಾಮಶಾಲೆ ನಡೆಸಿ ಅಂಗಸಾಧನೆ ಕಲಿಸಿದರು. ಆದರೆ ದಂಡ ಹೊಡೆಯುವಾಗ ಬೆನ್ನು ಪೂರ್ತಿ ಕಮಾನಾಗುವುದರಿಂದ ನೋವಿರುವವರು ಅದನ್ನು ಕೊನೆಗಿಡಲಿ. ಬಡಾವಣೆಯ ಉದ್ಯಾನಗಳ ಜಿಮ್ ಸಲಕರಣೆಗಳ ಬಗ್ಗೆ ನನಗೆ ಹೆಚ್ಚು ಉತ್ಸಾಹವಿಲ್ಲ. ಅವುಗಳಲ್ಲಿ ಭಾರ ಏರಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ, ನಿಂತು ನಡು ತಿರುಗಿಸುವ ಚಕ್ರವಂತೂ ಸೊಂಟ ನೋವಿನವರಿಗೆ ಬೇಡವೇ ಬೇಡ.

ಅರವತ್ತು ದಾಟಿದವರು, ಮೂಳೆ ಸವೆತ ಇರುವವರು ಮಾಡಬಹುದೇ?

ಮಾಡಬಹುದು, ಅವರಿಗೆ ಇನ್ನೂ ಹೆಚ್ಚು ಬೇಕು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಋತುಬಂಧ ದಾಟಿದ ಮಹಿಳೆಯರಿಗೆ ಬೋರಲು ಮಲಗಿಸಿ, ಬೆನ್ನಿಗೆ ಭಾರದ ಚೀಲ ಕಟ್ಟಿ, ಎದೆ ಎತ್ತುವ ವ್ಯಾಯಾಮವನ್ನು 2 ವರ್ಷ ಮಾಡಿಸಿದ್ದರು. ಅಧ್ಯಯನ ಆರಂಭವಾಗಿ ಹತ್ತು ವರ್ಷಗಳಾದ ಮೇಲೆ ನೋಡಿದಾಗ, ವ್ಯಾಯಾಮ ಮಾಡದ ಗುಂಪಿಗಿಂತ ಅವರಲ್ಲಿ ಬೆನ್ನುಮೂಳೆಯ ಮುರಿತಗಳು ಕಡಿಮೆಯಿದ್ದವು. ಇದು 2002ರಲ್ಲಿ ಪ್ರಕಟವಾಯಿತು. ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಸವೆತ, ಇರುವವರು ಭಾರ ಹಿಡಿದು ಬೆನ್ನನ್ನು ಮುಂದಕ್ಕೆ ಬಗ್ಗಿಸುವುದನ್ನು, ಸಿಟ್‌ ಅಪ್ ಮಾಡುವುದನ್ನು, ಜೋರಾಗಿ ಮೈ ತಿರುಚುವುದನ್ನು ಬಿಡಬೇಕು. ಬಾಣಂತಿಯರು ವೈದ್ಯರ ಒಪ್ಪಿಗೆಯ ಬಳಿಕ ಉಸಿರಾಟ ಮತ್ತು ಬ್ರಿಡ್ಜ್‌ನಿಂದ ಆರಂಭಿಸಲಿ.

ಎಷ್ಟು ದಿನಕ್ಕೆ ಗುಣ ಕಾಣುತ್ತದೆ? ನೋವು ಮತ್ತೆ ಬಂದರೆ?

6ರಿಂದ 12 ವಾರ ಬಿಡದೆ ಮಾಡಿ ನೋಡಿ. ಮೊದಲ ಕೆಲವು ವಾರಗಳಲ್ಲಿ ಸ್ನಾಯು ದಪ್ಪವಾಗುವುದಿಲ್ಲ, ಇರುವ ಸ್ನಾಯುವನ್ನು ಚೆನ್ನಾಗಿ ಬಳಸಲು ನರಗಳು ಕಲಿಯುತ್ತವೆ. ಕನ್ನಡಿಯಲ್ಲಿ ಏನೂ ಬದಲಾಗದಿದ್ದರೂ ಎತ್ತುವ ಭಾರ ಏರುವುದು ಇದರಿಂದಲೇ. ಸೊಂಟ ನೋವು ಮರುಕಳಿಸುವ ಸ್ವಭಾವದ್ದು, ಮರುಕಳಿಸಿದ ಮಾತ್ರಕ್ಕೆ ಮಾಡಿದ್ದೆಲ್ಲ ನೀರುಪಾಲಾಯಿತು ಎಂದಲ್ಲ. ಅಂಥ ವಾರ ವ್ಯಾಯಾಮವನ್ನು ಪೂರ್ತಿ ನಿಲ್ಲಿಸದೆ ಭಾರವನ್ನು ಅರ್ಧಕ್ಕಿಳಿಸಿ, ನೆಲದಿಂದ ಎತ್ತುವ ಬದಲು ಕುರ್ಚಿಯ ಎತ್ತರದಿಂದ ಎತ್ತಿ, ದಿನಕ್ಕೆ ಮೂರು ಬಾರಿ ಹತ್ತು ಹತ್ತು ನಿಮಿಷ ನಡೆಯಿರಿ. ಎತ್ತಿದ ಭಾರ, ಸಲಗಳು ಮತ್ತು ಮರುದಿನದ ನೋವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರೆ ಎಲ್ಲಿಂದ ಮತ್ತೆ ಏರಬೇಕೆಂಬುದು ಅದರಲ್ಲೇ ಸಿಗುತ್ತದೆ. ಫಿಸಿಯೋ ಬಳಿ ಬರುವಾಗ ಎಂಆರ್‌ಐ ಕವರಿನ ಜೊತೆಗೆ ಆ ನೋಟ್‌ಬುಕ್ಕನ್ನೂ ತನ್ನಿ.